ಮ್ಯಾಮ್ ಲುಡಿಯ ಸದ್ದಿಲ್ಲದ ತರಗತಿ

ನನ್ನ ಎರಡನೇ ತರಗತಿಗೂ ಮ್ಯಾಮ್ ಲುಡಿಯ ಒಂದನೇ ತರಗತಿಗೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಗೋಡೆ. ಕಡಲ ಗಾಳಿಗೆ ಉಬ್ಬಿ, ಬುಡಕ್ಕೆ ಗೆದ್ದಲು ಹಿಡಿದು, ಮುಟ್ಟಿದರೆ ಪುಡಿ ಉದುರುವ ಗೋಡೆ. ಆ ಕಡೆ ಪೆನ್ಸಿಲ್ ಬಿದ್ದರೆ ಈ ಕಡೆ ಕೇಳಿಸುತ್ತಿತ್ತು. ಹಾಗಾಗಿ ಆ ಕಡೆಯ ಸದ್ದು ಇಳಿಯುತ್ತ ಬಂದದ್ದನ್ನು ಮೊದಲು ಗಮನಿಸಿದವಳು ನಾನೇ ಇರಬೇಕು.

ಲುಡಿವಿನಾ ನೊಬ್ಲೆಸಾ ಎಂಬುದು ಅವರ ಪೂರ್ತಿ ಹೆಸರು. ನಮ್ಮ ಬಾರಿಯೊದಲ್ಲಿ, ಈ ಕಡಲ ಹಳ್ಳಿಯಲ್ಲಿ, ಓದಲು ಬರುವ ಯಾರನ್ನೇ ಕೇಳಿ, ಮೀನು ಮಾರುವವರನ್ನು, ಬಾಡಿಗೆಗೆ ಟ್ರೈಸಿಕಲ್ ಓಡಿಸುವವರನ್ನು, ಚರ್ಚಿನಲ್ಲಿ ಪಾಠ ಓದುವವರನ್ನು, ಎಲ್ಲರಿಗೂ ಮೊದಲ ಅಕ್ಷರದ ದನಿ ಹೊರಡಿಸಿದವರು ಅವರೇ. ನನಗೂ ಅವರೇ. ನಮ್ಮಲ್ಲಿ ಮಕ್ಕಳಿಗೆ ಅಕ್ಷರದ ಹೆಸರು ಹೇಳಿಕೊಡುವುದಿಲ್ಲ, ಅದರ ದನಿ ಹೇಳಿಕೊಡುತ್ತೇವೆ. ಮೊದಲು 'ಮ್ಮ್', ಆಮೇಲೆ 'ಸ್ಸ್', ಆಮೇಲೆ 'ಆ'. ಎರಡು ದನಿ ಕೂಡಿದರೆ ಒಂದು ತುಂಡು, ಎರಡು ತುಂಡು ಕೂಡಿದರೆ ಒಂದು ಮಾತು. ಆ, ಸೊ: ಆಸೊ, ನಾಯಿ. ಈ ಕ್ರಮದಲ್ಲಿ ಒಂದೇ ಒಂದು ಕಟ್ಟುನಿಟ್ಟು: ಟೀಚರ್ ಹೇಗೆ ಹೇಳುತ್ತಾರೋ ಮಕ್ಕಳು ಹಾಗೇ ಹೇಳಬೇಕು. ಅಷ್ಟೇ ಉದ್ದ, ಅಷ್ಟೇ ಗಟ್ಟಿ, ಬಾಯಿ ಅಷ್ಟೇ ಅಗಲ.

ನಾನು ಕಲಿಯುವಾಗ ಅವರ ದನಿ ದಡದವರೆಗೆ ಹೋಗುತ್ತಿತ್ತು. ಬಲೆ ಎಳೆಯುತ್ತಿದ್ದ ಗಂಡಸರು ಅದನ್ನು ಅಣಕಿಸಿ 'ಮ್ಮ್, ಸ್ಸ್' ಎಂದು ಹಗ್ಗ ಜಗ್ಗುತ್ತಿದ್ದರು. ಪಟ್ಟಣದ ಕಾಲೇಜು ಮುಗಿಸಿ ನಾನು ಇದೇ ಶಾಲೆಗೆ ಟೀಚರಾಗಿ ಬಂದಾಗ ಆ ದನಿ ಗೋಡೆ ದಾಟುವಷ್ಟೇ ಇತ್ತು. ವಯಸ್ಸಾಯಿತೇನೋ ಅಂದುಕೊಂಡೆ. ಜೂನ್ ಕಳೆದು ಆಗಸ್ಟ್ ಬರುವ ಹೊತ್ತಿಗೆ ಅದು ಪಿಸುಮಾತಿನಂತಾಯಿತು. ಜೊತೆಗೆ ಮಕ್ಕಳದ್ದೂ.

ಹೆಡ್‌ಮಾಸ್ಟರ್ ಸರ್ ಮೊನ್ಸೆರಾಟೆಗೆ ಇದು ಬಹಳ ಹಿಡಿಸಿತ್ತು. ಬೆಳಗಿನ ಬಾವುಟದ ಸಾಲಿನಲ್ಲಿ ಎಲ್ಲರ ಎದುರಿಗೇ ನನ್ನನ್ನು ಚುಚ್ಚುತ್ತಿದ್ದರು.

"ಮ್ಯಾಮ್ ಲುಡಿ ಕ್ಲಾಸ್ ನೋಡಿ, ಚರ್ಚ್ ಇದ್ದಂಗಿದೆ. ನಿಮ್ದು? ಮೀನು ಸಂತೆ!"

"ಸಂತೇಲಾದ್ರೆ ಮೀನು ಸಿಗುತ್ತೆ ಸರ್," ಅಂದೆ.

ಎಲ್ಲರೂ ನಕ್ಕರು. ಮ್ಯಾಮ್ ಲುಡಿಯೂ ನಕ್ಕರು, ಆದರೆ ಒಂದು ಕ್ಷಣ ತಡವಾಗಿ, ಅಕ್ಕಪಕ್ಕದವರ ಮುಖ ನೋಡಿಕೊಂಡು. ಆಗ ನನಗೆ ಏನೂ ಹೊಳೆಯಲಿಲ್ಲ.

ಫೆಬ್ರವರಿಯ ಒಂದು ಬೆಳಗ್ಗೆ ನನ್ನ ಮಕ್ಕಳು ಚಿತ್ರ ಬರೆಯುತ್ತ ತಣ್ಣಗಿದ್ದರು. ಅದು ಪಕ್ಕದ ಕೋಣೆಯಲ್ಲಿ ಓದಿನ ಹೊತ್ತು. ನಾನು ಕಿವಿ ಕೊಟ್ಟೆ. ಏನೂ ಇಲ್ಲ. ಬೆಂಚು ಕಿರುಗುಟ್ಟಿತು, ಯಾರೋ ಕೆಮ್ಮಿದರು, ಅಷ್ಟೆ. ಮಕ್ಕಳನ್ನು ಹೊರಗೆ ಕಳಿಸಿದ್ದಾರೆಯೇ ಎಂದು ಗೋಡೆಯ ಹತ್ತಿರ ಹೋಗಿ ಮರದ ಗಂಟು ಉದುರಿ ಆಗಿದ್ದ ತೂತಿಗೆ ಕಣ್ಣಿಟ್ಟೆ.

ಕೋಣೆ ತುಂಬಿತ್ತು. ಮ್ಯಾಮ್ ಲುಡಿ ಎಡಗೈಯನ್ನು ಗೋಡೆಯ ಮೇಲೆ ಒತ್ತಿಕೊಂಡು, ಬಲಗೈಯ ಬಿದಿರು ಕಡ್ಡಿಯನ್ನು ಹಲಗೆಯ ಮೇಲಿನ ಅಕ್ಷರಗಳ ಕೆಳಗೆ ಎಳೆಯುತ್ತಿದ್ದರು. ಅವರ ಬಾಯಿ ಅಗಲವಾಗಿ ತೆರೆಯಿತು, ಮುಚ್ಚಿತು. ಮಕ್ಕಳ ಬಾಯಿಗಳೂ ತೆರೆದವು, ಮುಚ್ಚಿದವು. ಎಲ್ಲ ಒಟ್ಟಿಗೆ, ಒಂದಿಷ್ಟೂ ತಪ್ಪದೆ. ಸಣ್ಣ ಸಣ್ಣ ಹಲ್ಲುಗಳು ಕಂಡವು, ನಾಲಿಗೆಗಳು ಕಂಡವು. ದನಿ ಮಾತ್ರ ಇರಲಿಲ್ಲ. ಎರಡು ಮೂರು ಮಕ್ಕಳಿಂದ ಉಸಿರಿನಂಥದ್ದು ಬರುತ್ತಿತ್ತೇನೋ. ಮ್ಯಾಮ್ ಲುಡಿ ಆ ಬಾಯಿಗಳನ್ನು ಸಾಲು ಸಾಲಾಗಿ ನೋಡುತ್ತ ಹೋಗಿ ಸಂತೋಷದಿಂದ ತಲೆಯಾಡಿಸಿದರು.

ನನ್ನದೇ ಕಿವಿ ಹೋಯಿತೇ ಎಂದು ಗಾಬರಿಯಾಗಿ ಬೆರಳಿನಿಂದ ಮೇಜು ಕುಟ್ಟಿದೆ. ಕೇಳಿಸಿತು. ಗೋಡೆಯಾಚೆ ಮ್ಯಾಮ್ ಲುಡಿ ಥಟ್ಟನೆ ಗೋಡೆಯ ಮೇಲಿದ್ದ ತಮ್ಮ ಕೈಯನ್ನು ನೋಡಿಕೊಂಡರು. ಮೇಜು ಗೋಡೆಗೆ ಆತುಕೊಂಡಿತ್ತು.

ಆ ಸಂಜೆ ಮಕ್ಕಳು ತೆಂಗಿನ ಸಿಪ್ಪೆಯಿಂದ ನೆಲ ಉಜ್ಜಿ ಹೊಳೆಯಿಸಿ ಮನೆಗೆ ಹೋದ ಮೇಲೆ ನಾನು ಅವರ ಕೋಣೆಗೆ ಹೋದೆ. ಅವರು ಬೆನ್ನು ಹಾಕಿ ಕೂತು ಅಕ್ಷರದ ಚೀಟಿಗಳನ್ನು ಕಟ್ಟುತ್ತಿದ್ದರು. ಶಾಲೆಯಲ್ಲಿ ಮಕ್ಕಳೆದುರು ಮ್ಯಾಮ್. ಮಕ್ಕಳಿಲ್ಲದಾಗ ಅವರು ನನಗೆ ಮನಾಂಗ್, ಅಕ್ಕ.

"ಮನಾಂಗ್," ಅಂದೆ.

ಅವರು ತಿರುಗಲಿಲ್ಲ.

"ಮನಾಂಗ್ ಲುಡಿ!" ಗಟ್ಟಿಯಾಗಿಯೇ ಕರೆದೆ. ಕಿಟಕಿಯ ಮೇಲಿದ್ದ ಹಲ್ಲಿ ಓಡಿತು. ಅವರು ಚೀಟಿ ಕಟ್ಟುತ್ತಲೇ ಇದ್ದರು.

ಸುತ್ತಿ ಬಂದು ಎದುರು ನಿಂತೆ. ನನ್ನ ಮುಖ ಕಂಡು ಬೆಚ್ಚಿಬಿದ್ದರು. ಚೀಟಿಗಳು ನೆಲದ ಮೇಲೆ ಚೆಲ್ಲಿದವು. ನಾನು ಏನೂ ಕೇಳಬೇಕಾಗಿರಲಿಲ್ಲ.

"ಎಷ್ಟೊತ್ತಿಂದ ಕರೀತಿದ್ದೆ ಇಂದಾಯ್?" ಚಿಕ್ಕವಳಿದ್ದಾಗಿನಿಂದ ಅವರು ನನ್ನನ್ನು ಕರೆಯುವುದು ಇಂದಾಯ್, ಪುಟ್ಟಿ, ಎಂದೇ. ಆ ದನಿ ಈಗ ನನ್ನನ್ನು ತಲುಪಬೇಕಾದರೆ ನಾನು ಬಾಗಬೇಕಿತ್ತು.

"ಈಗಷ್ಟೇ ಬಂದೆ."

"ಸುಳ್ಳು ಹೇಳ್ಬೇಡ. ನಿನ್ನ ಕುತ್ತಿಗೆ ನರ ಉಬ್ಬಿದೆ. ಕೂಗಿದೀಯ."

ಇಲೊಯ್ಲೊ ಪಟ್ಟಣದ ಡಾಕ್ಟರು ಹೇಳಿದ್ದರಂತೆ, ಕಿವಿಯೊಳಗಿನ ಒಂದು ಸಣ್ಣ ಮೂಳೆ ಕಲ್ಲಾಗುತ್ತಿದೆ ಎಂದು. ಅವರ ತಾಯಿಗೂ ಹೀಗೇ ಆಗಿತ್ತು. ತಮ್ಮ ದನಿ ಮಾತ್ರ ತಮ್ಮ ತಲೆಯೊಳಗೆ ಗುಡುಗಿನ ಹಾಗೆ ಮೊಳಗುತ್ತದೆ. ಅದಕ್ಕೇ ಅದನ್ನು ತಗ್ಗಿಸುತ್ತ ಬಂದರು. ಹೊರಗೆ ಎಷ್ಟು ಬರುತ್ತಿದೆ ಎಂಬುದು ಅವರಿಗೆ ತಿಳಿಯಲೇ ಇಲ್ಲ. ಮಕ್ಕಳ ಬಾಯಿ ನೋಡಿಯೇ ತಪ್ಪು ಹಿಡಿಯುತ್ತಿದ್ದರು. ಮ್, ಬ್, ಪ್ ಮೂರಕ್ಕೂ ತುಟಿ ಒಂದೇ ಥರ. ಹಾಗಾಗಿ ಆ ಅಕ್ಷರ ಕಲಿಸುವ ಮೊದಲ ವಾರಗಳಲ್ಲಿ ಮೂಗಿನ ಮೇಲೆ ಬೆರಳಿಡುತ್ತಿದ್ದರು, ಬಾಯಿಯೆದುರು ಅಂಗೈ ಹಿಡಿಯುತ್ತಿದ್ದರು. ಮೂಗು ಗುಂಯ್ ಅಂದರೆ ಮ್, ಅಂಗೈಗೆ ಗಾಳಿ ತಾಗಿದರೆ ಪ್. ನಮಗೂ ಹಾಗೇ ಮಾಡುತ್ತಿದ್ದರು. ಆಗ ಅದು ಆಟ ಅನ್ನಿಸುತ್ತಿತ್ತು.

"ಮನಾಂಗ್, ನಿಮ್ಮ ಮಕ್ಕಳ ದನಿ ನಿಂತುಹೋಗಿದೆ," ಅಂದೆ. "ನೀವು ಹೇಗೆ ಓದ್ತೀರೋ ಹಾಗೇ ಓದ್ತಿದಾರೆ."

ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಮಾತು ಮುಗಿದ ಮೇಲೂ ನೋಡುತ್ತಿದ್ದರು, ಇನ್ನೇನಾದರೂ ಬಂದು ಇದನ್ನು ಸುಳ್ಳು ಮಾಡೀತೇನೋ ಎಂಬಂತೆ.

"ಎಲ್ಲರದ್ದೂನಾ?"

"ಹೆಚ್ಚೂಕಡಿಮೆ."

"ನಾನು ಇವರನ್ನ ಮೂಗರನ್ನ ಮಾಡಿಬಿಟ್ಟೆ." ಅವರ ಕೈ ಗೋಡೆ ಹುಡುಕಿತು. "ನಿನ್ನ ಕ್ಲಾಸು ಕಿರುಚಿದಾಗ ಈ ಗೋಡೆ ನಡುಗುತ್ತೆ ಕಣೇ. ಅದು ನನ್ನ ಮಕ್ಕಳದ್ದೇ ಅಂದ್ಕೊಂಡಿದ್ದೆ."

ಮಾರ್ಚಿನಲ್ಲಿ ಓದಿನ ಪರೀಕ್ಷೆ. ಜಿಲ್ಲಾ ಕಚೇರಿಯಿಂದ ಮ್ಯಾಮ್ ನಿಯೆವೆಸ್ ಬಂದು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಯಾರೂ ನೋಡಿರದ ಒಂದು ಹಾಳೆ ಓದಿಸುತ್ತಾರೆ. ಓದದ ಮಗು ಮುಂದಿನ ವರ್ಷವೂ ಅದೇ ಬೆಂಚಿನಲ್ಲಿ. ಹೆಚ್ಚಿನ ಮಕ್ಕಳು ಓದದಿದ್ದರೆ ಕಾರಣ ಹುಡುಕುತ್ತಾರೆ, ಕಾರಣ ಸಿಕ್ಕರೆ ಒಂದನೇ ತರಗತಿ ಮ್ಯಾಮ್ ಲುಡಿಯ ಕೈತಪ್ಪುತ್ತದೆ.

"ನಮ್ಮಮ್ಮಂಗೆ ಕಿವಿ ಹೋದ ಮೇಲೆ ಮೊದಮೊದಲು ಎಲ್ಲರೂ ಹತ್ರ ಬಂದು ಕೂಗಿ ಹೇಳ್ತಿದ್ರು," ಎಂದರು. "ಆಮೇಲೆ ಸಾಕಾಯ್ತು. 'ಏನಿಲ್ಲ, ಏನಿಲ್ಲ' ಅಂತ ಕೈಯಾಡಿಸೋರು. ಅಪ್ಪನ ದೋಣಿ ಮುಳುಗಿದ್ದು ಬಾರಿಯೊಗೆಲ್ಲ ಗೊತ್ತಿತ್ತು. ಅಂಗಳದಲ್ಲಿ ಜನ ತುಂಬಿದ್ರು. ಅಮ್ಮ ಅವರನ್ನೆಲ್ಲ ನೋಡ್ತಾ ಒಲೆಗೆ ಅಕ್ಕಿ ಇಟ್ಲು, ಇಷ್ಟು ಜನಕ್ಕೆ ಸಾಲಲ್ಲ ಅಂತ ಇನ್ನೊಂದಿಷ್ಟು ಹಾಕಿದ್ಲು. ಎಲ್ಲರಿಗಿಂತ ಕೊನೆಗೆ ಗೊತ್ತಾಗಿದ್ದು ಅವಳಿಗೆ." ಚೆಲ್ಲಿದ ಚೀಟಿಗಳನ್ನು ಎತ್ತಿಕೊಳ್ಳುತ್ತ, "ಯಾರಿಗೂ ಹೇಳಬೇಡ ಇಂದಾಯ್. ಪರೀಕ್ಷೆ ಮುಗಿದು ಈ ಬೇಸಿಗೆ ಕಳೀಲಿ," ಎಂದರು.

ಹೇಳುವುದಿಲ್ಲ ಎಂದೆ. ಅಂದಿನಿಂದ ಅವರ ಭಯದ ಒಂದು ಪಾಲು ನನಗೂ ಬಂತು. ಹೆಡ್‌ಮಾಸ್ಟರ್ ಹಿಂದಿನಿಂದ ಅವರನ್ನು ಮಾತಾಡಿಸಿದರೆ ನಾನು ಕಾಯುತ್ತಿರಲಿಲ್ಲ. ನಾನೇ ಏನಾದರೂ ಬೀಳಿಸಿ, ಕೆಮ್ಮಿ, ತೋಳು ಮುಟ್ಟಿ ಅವರನ್ನು ತಿರುಗಿಸುತ್ತಿದ್ದೆ. ಊಟದ ಹೊತ್ತಿನಲ್ಲಿ ಒಣಮೀನು ಹಂಚಿಕೊಳ್ಳುತ್ತ ಎಲ್ಲರೂ ಹರಟುವಾಗ ನಾನು ಅವರ ಎದುರಿಗೇ ಕೂತು, ಬೇರೆಯವರ ಮಾತನ್ನು ತುಟಿಯಲ್ಲಿ ಮತ್ತೆ ಆಡುತ್ತಿದ್ದೆ. ಮಳೆ ಬಂದರೆ ಮಾತ್ರ ನಿರಾಳ. ತಗಡಿನ ಮೇಲೆ ಮಳೆ ಬಿದ್ದರೆ ಎಲ್ಲರೂ ಹತ್ತಿರ ಬಂದು ಕಿರುಚಿ ಮಾತಾಡುತ್ತಾರೆ, ಅವರಿಗೂ ಒಂದಿಷ್ಟು ಕೇಳಿಸುತ್ತದೆ. ಆದರೆ ಮಾರ್ಚಿನಲ್ಲಿ ನಮ್ಮಲ್ಲಿ ಮಳೆಯೆಲ್ಲಿ?

ಒಂದು ಉಪಾಯ ಮಾಡಿಕೊಂಡೆವು. ಅವರು ಬೆನ್ನನ್ನು ಗೋಡೆಗೆ ಕೊಟ್ಟು ನಿಂತು ಓದಿಸುವುದು. ದನಿ ಇಳಿದರೆ ನಾನು ಈ ಕಡೆಯಿಂದ ಗೋಡೆ ಗುದ್ದುವುದು. ಮೊದಲ ದಿನ ಗುದ್ದಿದಾಗ ಅವರು ದನಿ ಏರಿಸಿದರು. ಅವರ ತಲೆಯೊಳಗೆ ಅದು ಎಷ್ಟು ನೋಯಿಸಿತೋ, ತೂತಿನಿಂದ ನೋಡಿದರೆ ಕಣ್ಣು ಮುಚ್ಚಿಕೊಂಡಿದ್ದರು. ಮಕ್ಕಳು ಒಬ್ಬರನ್ನೊಬ್ಬರು ನೋಡಿದರು. ಒಬ್ಬ ಬೆರಳನ್ನು ತುಟಿಯ ಮೇಲಿಟ್ಟುಕೊಂಡು "ಮ್ಯಾಮ್, ಗಲಾಟೆ!" ಎಂದ. ಆದರೂ ಟೀಚರ್ ಹೇಗೋ ಮಕ್ಕಳು ಹಾಗೆ. ದಿನಗಳು ಕಳೆದಂತೆ ಒಂದೊಂದೇ ದನಿ ನೆಲದಡಿಯಿಂದ ಎದ್ದ ಹಾಗೆ ಎದ್ದು ಬಂತು. ಸರ್ ಮೊನ್ಸೆರಾಟೆ ಬಾಗಿಲಿಗೆ ಬಂದು "ಏನು ಮ್ಯಾಮ್, ನಿಮಗೂ ಪಕ್ಕದ ಕ್ಲಾಸಿನ ಜಡ್ಡು ಹತ್ತಿತಾ?" ಎಂದು ಮುಖ ಸಿಂಡರಿಸಿ ಹೋದರು.

ಯುನೀಸ್ ಒಬ್ಬಳ ದನಿ ಏಳಲಿಲ್ಲ.

ಮುಂದಿನ ಬೆಂಚಿನ ಯುನೀಸ್ ಮ್ಯಾಮ್ ಲುಡಿಯ ಅಚ್ಚುಮೆಚ್ಚಿನ ಹುಡುಗಿ. ಅವಳಷ್ಟು ಚೊಕ್ಕವಾಗಿ ಬಾಯಿ ತೆರೆಯುವವರು ಇರಲಿಲ್ಲ. 'ಓ' ಅಂದರೆ ಉಂಗುರ, 'ಈ' ಅಂದರೆ ಹಗ್ಗ. ಅವರನ್ನು ಎಲ್ಲರಿಗಿಂತ ಹತ್ತಿರದಿಂದ ನೋಡಿದವಳು, ಎಲ್ಲರಿಗಿಂತ ಪೂರ್ತಿಯಾಗಿ ಅವರಂತಾಗಿದ್ದಳು. ನಾನು ಬೇರೆ ಕೂರಿಸಿಕೊಂಡು ಓದಿಸಿದೆ. ಬಾಯಿ ಆಡಿತು, ದನಿ ಇಲ್ಲ.

"ಗಟ್ಟಿಯಾಗಿ ಓದು ಪುಟ್ಟಿ."

"ಓದಿದ್ನಲ್ಲ ಮ್ಯಾಮ್!" ಎಂದು ಗಟ್ಟಿಯಾಗಿಯೇ ಹೇಳಿದಳು. ಮತ್ತೆ ಹಾಳೆಗೆ ಮುಖ ಇಟ್ಟಳೋ, ಮತ್ತೆ ಮೌನ. ಅವಳು ನಿಜಕ್ಕೂ ಓದುತ್ತಿದ್ದಾಳೋ, ಬರೀ ಬಾಯಿ ಆಡಿಸುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ತುಟಿ ನೋಡಿ ಹೇಳಲು ನನಗೆ ಬರುವುದಿಲ್ಲ.

ಅವಳನ್ನು ಕರೆದೊಯ್ಯಲು ಬರುತ್ತಿದ್ದ ಅಜ್ಜಿಯನ್ನು ಗೇಟಿನ ಹತ್ತಿರ ಕೇಳಿದೆ. ಅಜ್ಜಿ ನಕ್ಕಳು.

"ಇವಳಾ? ಮನೇಲಿ ಇವಳ ಬಾಯಿ ಮುಚ್ಚಿಸೋಕೆ ಬಾಳೆಹಣ್ಣು ತುರುಕ್ಬೇಕು! ಪುಸ್ತಕ ಹಿಡಿದ್ರೆ ಮಾತ್ರ ಬುಟ್ಟಿಗೆ ಹಾಕಿದ ಮೀನಿನ ಥರ ಬಾಯಿ ಆಡಿಸ್ತಾ ಕೂತ್ಕೋತಾಳೆ. ನಾನು ಪ್ರಾರ್ಥನೆ ಮಾಡ್ತಿದಾಳೆ ಅಂದ್ಕೊಂಡು ಶಿಲುಬೆ ಗುರುತು ಹಾಕ್ಕೊಂಡೆ."

ಮ್ಯಾಮ್ ಲುಡಿಗೆ ಹೇಳಿದೆ. ಅವರು ನಗಲಿಲ್ಲ. "ಅವಳು ಓದ್ತಾಳೆ," ಅಂದರು. "ನನಗೆ ಕಾಣುತ್ತೆ."

"ಮ್ಯಾಮ್ ನಿಯೆವೆಸ್‌ಗೆ ಕಾಣಲ್ಲವಲ್ಲ ಮನಾಂಗ್."

ಪರೀಕ್ಷೆಯ ದಿನ ಮೋಡದ ಚೂರೂ ಇರಲಿಲ್ಲ. ಮ್ಯಾಮ್ ನಿಯೆವೆಸ್ ಕಿಟಕಿಯ ಪಕ್ಕ ಮೇಜು ಹಾಕಿಸಿಕೊಂಡು, ಹಾಳೆಯನ್ನು ಮಗುವಿನ ಮುಂದಿಟ್ಟು, ತಾವೂ ಬಗ್ಗಿ ಕೂತರು. ಸಣ್ಣ ದನಿಯ, ಮುಖ ಎತ್ತದೆ ಮಾತಾಡುವ ಹೆಂಗಸು. ಇದನ್ನು ನೆನೆದೇ ನಾವಿಬ್ಬರೂ ಹೆದರಿದ್ದು. ಮ್ಯಾಮ್ ಲುಡಿ ಕೋಣೆಯ ಆ ತುದಿಯಲ್ಲಿ ಹಲಗೆಯ ಪಕ್ಕ ನಿಂತರು. ನಾನು ಅವರ ನೇರಕ್ಕೆ, ಬಾಗಿಲಲ್ಲಿ. ಮ್ಯಾಮ್ ನಿಯೆವೆಸ್ ಏನಾದರೂ ಕೇಳಿದರೆ ನನ್ನ ತುಟಿ ನೋಡಬೇಕು, ಹಾಗೆಂದು ಮಾತಾಗಿತ್ತು.

ಮಕ್ಕಳು ಓದಿದರು. ಕೆಲವರು ಎಡವಿದರು, ಆದರೆ ಓದಿದರು, ಕೇಳುವಂತೆ ಓದಿದರು. ಮ್ಯಾಮ್ ಲುಡಿಯ ಭುಜ ಸ್ವಲ್ಪ ಸ್ವಲ್ಪವೇ ಇಳಿಯಿತು. ಆಮೇಲೆ ಯುನೀಸ್ ಹೋಗಿ ಕೂತಳು.

ಅವಳ ಮುಖದ ಮೇಲೆ ಕಿಟಕಿಯ ಬೆಳಕು ಬಿದ್ದಿತ್ತು. ಬೆರಳು ಹಾಳೆಯ ಮೇಲೆ ಸರಿಯಿತು, ಬಾಯಿ ತೆರೆಯಿತು, ಮುಚ್ಚಿತು.

"ಓದಮ್ಮ," ಎಂದರು ಮ್ಯಾಮ್ ನಿಯೆವೆಸ್. ಯುನೀಸ್ ಮತ್ತೆ ಮೊದಲಿನಿಂದ ಶುರುಮಾಡಿದಳು. ಗೋಡೆಯ ಗಡಿಯಾರದ ಸದ್ದು ನನಗೆ ಕೇಳುತ್ತಿತ್ತು.

"ಹೆದರ್ಕೋಬೇಡ. ಗೊತ್ತಿರೋ ಒಂದು ಪದ ಹೇಳು ಸಾಕು."

ಯುನೀಸ್ ಗಲಿಬಿಲಿಯಾಗಿ ಮ್ಯಾಮ್ ಲುಡಿಯ ಕಡೆ ನೋಡಿದಳು. ಅವಳು ಮೊದಲಿನಿಂದ ಓದುತ್ತಲೇ ಇದ್ದಳಲ್ಲ. ಮ್ಯಾಮ್ ನಿಯೆವೆಸ್ ನಿಟ್ಟುಸಿರು ಬಿಟ್ಟು ಪೆನ್ನು ಎತ್ತಿಕೊಂಡರು. "ಈ ಮಗುಗೆ ಓದು ಬರಲ್ಲ," ಎಂದು ತಗ್ಗಿದ ಮುಖದಲ್ಲೇ ಹೇಳಿದರು.

ಮ್ಯಾಮ್ ಲುಡಿ ನನ್ನನ್ನು ನೋಡಿದರು. ನಾನು ಆ ಮಾತನ್ನು ತುಟಿಯಲ್ಲಿ ಆಡಲೇಬೇಕಿತ್ತು. ಆಡಿದೆ. ಅವರು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಒಂದು ಮಗು ಓದದಿದ್ದರೆ ಯಾರೂ ಟೀಚರನ್ನು ಕೇಳುವುದಿಲ್ಲ; ಬೇಸಿಗೆ ಕಳೆದುಹೋಗುತ್ತಿತ್ತು. ಸುಮ್ಮನಿರಿ ಎಂದು ನಾನು ತಲೆಯಾಡಿಸಿದೆನೋ ಏನೋ, ನೆನಪಿಲ್ಲ.

ಅವರು ಯುನೀಸ್‌ಗೆ ಕೈಸನ್ನೆ ಮಾಡಿದರು: ಮತ್ತೆ. ಯುನೀಸ್ ಹಾಳೆಯನ್ನು ಎದೆಯೆತ್ತರಕ್ಕೆ ಎತ್ತಿ ಹಿಡಿದಳು. ಅವಳ ಬಾಯಿ ಆಡತೊಡಗಿತು. ಅದರ ಬೆನ್ನಿಗೇ, ಹಲಗೆಯ ಪಕ್ಕದಿಂದ, ಬಹಳ ವರ್ಷಗಳ ಹಿಂದಿನ ಆ ಗಟ್ಟಿ ದನಿ ಎದ್ದಿತು.

"ಹುಡುಗಿ... ದೋಣಿಯಲ್ಲಿ... ಮಲಗಿದಳು." ಮ್ಯಾಮ್ ಲುಡಿ ಆ ತುಟಿಗಳಿಂದ ಕಣ್ಣು ಕೀಳದೆ ಒಂದೊಂದೇ ಹೆಜ್ಜೆ ಮುಂದೆ ಬರುತ್ತಿದ್ದರು. "ದೋಣಿ ತೇಲಿತು. ಹುಡುಗಿ ಎದ್ದಳು. ಸುತ್ತ ನೀರು. ಹುಡುಗಿ ಕೂಗಿದಳು..."

ಹಾಳೆಯ ಬೆನ್ನು ಮಾತ್ರ ಅವರ ಕಡೆಗಿತ್ತು. ಮ್ಯಾಮ್ ನಿಯೆವೆಸ್ ಒಮ್ಮೆ ಹಾಳೆ ನೋಡಿದರು, ಒಮ್ಮೆ ಅವರನ್ನು. ಪೆನ್ನು ಅಲ್ಲೇ ನಿಂತಿತ್ತು.

"ಕೂಗಿದಳು..." ಮ್ಯಾಮ್ ಲುಡಿ ತಡವರಿಸಿದರು. ಯುನೀಸ್ ತುಟಿ ಮುಚ್ಚಿ ತೆರೆದಳು, ಮತ್ತೊಮ್ಮೆ ಮುಚ್ಚಿ ತೆರೆದಳು. ಮಾಮಾ, ಅಂದರೆ ಅಮ್ಮನೋ; ಪಾಪಾ, ಅಪ್ಪನೋ? ತುಟಿಗೆ ಎರಡೂ ಒಂದೇ. ಅವರು ಮೇಜಿನ ಬಳಿ ಮೊಣಕಾಲೂರಿ, ಒಂದು ಬೆರಳನ್ನು ಯುನೀಸಳ ಮೂಗಿನ ಮೇಲಿಟ್ಟರು, ಇನ್ನೊಂದು ಅಂಗೈಯನ್ನು ಬಾಯಿಯೆದುರು ಹಿಡಿದರು. ಕಾದರು. ಏನೂ ತಾಗಲಿಲ್ಲವೆಂದು ಅವರ ಮುಖದಲ್ಲೇ ಕಂಡಿತು.

"ಯಾರನ್ನ ಕೂಗಿದ್ಲು ಮಗಳೇ? ನನಗೆ ಗೊತ್ತಾಗ್ತಿಲ್ಲ," ಅಂದರು. ಬೆರಳನ್ನು ಮೂಗಿಗೆ ಇನ್ನಷ್ಟು ಒತ್ತಿದರು. "ನನಗೆ ಕೇಳಿಸಲ್ಲ. ಇಲ್ಲಿಗೆ ಕಳಿಸು."

ಯುನೀಸ್ ಅವರನ್ನೇ ನೋಡಿದಳು. ತನ್ನ ಟೀಚರಿಗೆ ಗೊತ್ತಿಲ್ಲದ ಒಂದು ಮಾತು ತನ್ನ ಹತ್ತಿರ ಇದೆ ಎಂಬುದು ಅವಳಿಗೆ ಹೊಸದಿರಬೇಕು. ತುಟಿ ಮುಚ್ಚಿದಳು. ಆಮೇಲೆ ದುಂಬಿ ಡಬ್ಬಿಯೊಳಗೆ ಸಿಕ್ಕಿಕೊಂಡಂಥ ಒಂದು ಸಣ್ಣ ಗುಂಯ್ ಶುರುವಾಯಿತು. "ಮ್ಮ್... ಮಾ. ಮಾ."

ಕೋಣೆಯಲ್ಲಿದ್ದ ಎಲ್ಲರಿಗೂ ಅದು ಕೇಳಿಸಿತು, ಒಬ್ಬರಿಗೆ ಬಿಟ್ಟು. ಅವರಿಗೆ ಅದು ಬೆರಳಿಗೆ ಬಂತು.

"ಅಮ್ಮನ್ನ," ಎಂದರು ಮ್ಯಾಮ್ ಲುಡಿ. "ಹುಡುಗಿ ಅಮ್ಮನನ್ನು ಕೂಗಿದಳು."

ಮ್ಯಾಮ್ ನಿಯೆವೆಸ್ ಮುಖ ತಗ್ಗಿಸಿಕೊಂಡು ಏನನ್ನೋ ಕೇಳಿದರು. ಕಿವಿ ಹೀಗಾಗಿ ಎಷ್ಟು ದಿನ ಎಂದು ಕೇಳಿದ್ದು. ನಾನು ಬಾಗಿಲಲ್ಲಿ ತುಟಿ ತೆರೆದೆ. ಆದರೆ ಮ್ಯಾಮ್ ಲುಡಿ ನನ್ನ ಕಡೆ ತಿರುಗಲಿಲ್ಲ.

"ಮುಖ ಎತ್ತಿ ಹೇಳಿ ಮ್ಯಾಮ್," ಎಂದರು. "ತಗ್ಗಿಸಿದ್ರೆ ನನಗೆ ತಿಳಿಯಲ್ಲ."

ಯುನೀಸ್ ಪಾಸಾದಳು. ಈಗ ಅವಳು ನನ್ನ ಹಳೆಯ ಎರಡನೇ ತರಗತಿಯಲ್ಲಿ, ಹೊಸ ಟೀಚರ ಕಿವಿ ಕಿತ್ತುಹೋಗುವಂತೆ ಓದುತ್ತಾಳೆ. ಜೂನಿನಲ್ಲಿ ಒಂದನೇ ತರಗತಿ ನನ್ನದಾಯಿತು. ಮ್ಯಾಮ್ ಲುಡಿಯನ್ನು ಪುಸ್ತಕದ ಕೋಣೆಗೆ ಹಾಕಿದರು. ಎರಡು ಕಪಾಟು, ಒಂದು ಕುರ್ಚಿ. ಯಾರೂ ಅವರನ್ನು ಬೈಯಲಿಲ್ಲ. ಸರ್ ಮೊನ್ಸೆರಾಟೆ ಈಗ ಅವರ ಎದುರು ತುಂಬ ಮೆಲ್ಲಗೆ, ತುಂಬ ಅಗಲವಾಗಿ ಬಾಯಿ ತೆರೆದು ಮಾತಾಡುತ್ತಾರೆ, ನಂತರ "ಏನಿಲ್ಲ, ಏನಿಲ್ಲ" ಎಂದು ಕೈಯಾಡಿಸುತ್ತಾರೆ. ಹಾಗೆ ಆಡಿಸುವ ಕೈ ಕಂಡಾಗಲೆಲ್ಲ ನನಗೆ ಒಲೆಗೆ ಅಕ್ಕಿ ಇಟ್ಟ ಅವರ ತಾಯಿ ನೆನಪಾಗುತ್ತಾರೆ.

ಬೆಳಗಿನ ಮೊದಲ ಪಾಠಕ್ಕೆ ಅವರು ನನ್ನ ಕೋಣೆಗೆ ಬರುತ್ತಾರೆ. ನಾನು ದನಿ ಕೊಡುತ್ತೇನೆ, ಅವರು ಬಾಯಿ ತೋರಿಸುತ್ತಾರೆ, ಮಗುವಿನ ಮೂಗಿನ ಮೇಲೆ ಬೆರಳಿಡುತ್ತಾರೆ. ನಡುನಡುವೆ ನಾನು ನಿಲ್ಲಿಸಿ ಕೇಳಿಸಿಕೊಳ್ಳುತ್ತೇನೆ, ನನ್ನ ದನಿ ನಿನ್ನೆಯಷ್ಟೇ ಇದೆಯೇ ಎಂದು. ಇಳಿದರೆ ನನಗೆ ಗೊತ್ತಾಗುತ್ತದೆಯೇ?

ಮಧ್ಯಾಹ್ನ ಶಾಲೆಯಲ್ಲಿ ಏನಾದರೂ ಸುದ್ದಿಯಾದರೆ, ಯಾರಿಗೋ ಜ್ವರ, ಯಾರದೋ ದೋಣಿ ತಡ, ನಾನು ಮೊದಲು ಪುಸ್ತಕದ ಕೋಣೆಗೆ ಹೋಗುತ್ತೇನೆ. ಅವರು ಕುರ್ಚಿಯನ್ನು ಬಾಗಿಲಿಗೆ ಎದುರಾಗಿ ಹಾಕಿಕೊಂಡಿದ್ದಾರೆ. ಆದರೂ ಹಲವು ಸಲ ಪುಸ್ತಕದಲ್ಲಿ ತಲೆ ತಗ್ಗಿಸಿರುತ್ತಾರೆ. ನೆಲದ ಮೇಲೆ ನನ್ನ ನೆರಳು ಬಿದ್ದೊಡನೆ ಬೆಚ್ಚಿ ಎದ್ದು, ಅಂಗಳದಲ್ಲಿ ಜನ ಸೇರಿದ್ದಾರೆಯೇ ಎಂದು ನನ್ನ ಭುಜದಾಚೆ ನೋಡುತ್ತಾರೆ. ನಾನು ಬೆಳಕಿಗೆ ಮುಖ ಮಾಡಿ ನಿಂತು, ಬಾಯಿ ತೆರೆಯುತ್ತೇನೆ.